ಅಪ್ಪನ ಸಾಲ್ಯಾಗ ನಾ ಒಬ್ಬಾಕಿ

ಮೊನ್ನೆ ರವಿವಾರ ಲಕಮನಹಳ್ಳಿ ಕಡಿಯಿಂದ ಗಂಡ ಹೆಂಡತಿ ಇಬ್ಬರು ತಮ್ಮ ಸಣ್ಣ ಮಗಳನ್ನ ಕರಕೊಂಡು ನಮ್ಮ ಮನಿಗೆ ಬಂದಿದ್ರು. ಗುರುತಿಲ್ಲ, ಪರಿಚಯ ಇಲ್ಲ. ಮಗಳನ್ನ ಮನ್ಯಾಗನ ಓದಸೂ ವಿಚಾರ ಅವರದು. ಸಾಲಿಗೆ ಹೋಗದನ ಮನ್ಯಾಗ ಕೂತು ಓದಿ ಎಂ.ಎ. ತನಕಾ ಹೋದಾಕಿ ಧಾರವಾಡದಾಗ ಒಬ್ಬಾಕಿ ಇದ್ದಾಳ, ಆಕೀನ್ನ ಹೋಗಿ ಕೇಳ್ರಿ ಅಂತ ಯಾರೋ ಹೇಳಿ ಕಳಿಸಿದ್ರಂತ. ನಾನೇನು ಮ್ಯೂಸಿಯಂನಾಗ ಇಟ್ಟ ಸಾಮಾನೇನು, ಬಂದು ನೋಡಿಕೊಂಡು ಹೋಗಾಕ? ಸಿಟ್ಟು ಬಂತು. ಆದ್ರೂ ಬಂದವರಿಗೆ ಚಾ ಮಾಡಿದೆ, ಚುರಮುರಿ ಚೂಡಾ ಇಟ್ಟೆ. ಆ ಹೆಣ್ಣಮಗಳು ಫೋನ್ ತಗದು, ಬರಕೊಂಡು ಬಂದಿದ್ದ ಪ್ರಶ್ನೆ ಒಂದೊಂದಾಗಿ ಓದಾಕ ಹತ್ತಿದ್ಲು. ಹತ್ತನೇತ್ತೆ ಪರೀಕ್ಷಾ ಹೆಂಗ ಕಟ್ಟಿದ್ರಿ? ಕಾಲೇಜಿನವರು ತಗೊಳ್ಳಾಕ ತಕರಾರು ಮಾಡಲಿಲ್ಲೇನ್ರಿ? ದಿನಾ ಎಷ್ಟು ತಾಸು ಓದಿಸಬೇಕು? ತಂದಿತಾಯಿಗೆ ಎಲ್ಲಾ ವಿಷಯ ಬರಬೇಕೇನು? ನಾ ಎಲ್ಲಾದಕ್ಕೂ ಸರಳ ಉತ್ತರ ಹೇಳಿದೆ. ಖಾಸಗಿ ಅಭ್ಯರ್ಥಿ ಅಂತ ಕಟ್ಟಬಹುದು, ಕಾಲೇಜಿನವರು ಮಾರ್ಕ್ಸ್ ನೋಡ್ತಾರ, ಮುಂಜಾನೆ ಎರಡು ತಾಸು ಛಲೋತ್ನ್ಯಾಗ ಕೂತರ ಸಾಕು. ಕಡೀಕ ಆಕಿ ಕೇಳಿದ್ಲು.

"ಮಂದಿ ಜೋಡಿ ಬೆರಿಯೂದು ಹೆಂಗ್ರೀ? ಅದೊಂದ ಚಿಂತಿ ನಮಗ."

ಬೆರೀತಾರ ತಗೋರಿ, ಅದೇನು ದೊಡ್ಡ ಮಾತು ಅಂದೆ. ಸುಳ್ಳು ಹೇಳಿದೆ. ಅವರು ಹೋದ ಮ್ಯಾಲ ಆ ಖಾಲಿ ಕಪ್ಪು ಬಸಿ ಹಂಗ ಬಿಟ್ಟು ಎಷ್ಟೋ ಹೊತ್ತು ಕೂತಬಿಟ್ಟೆ.

ನಮ್ಮ ಮನಿ ಇದ್ದದ್ದು ಧಾರವಾಡದ ಒಂದು ಸಣ್ಣ ಓಣ್ಯಾಗ. ಮುಂದ ಕಟ್ಟಿ, ಕಟ್ಟಿ ದಾಟಿದ್ರ ಪಡಸಾಲಿ, ಅದರ ಹಿಂದ ಅಡಗಿಮನಿ, ಅಡಗಿಮನಿಗೆ ಹತ್ತಿಕೊಂಡು ದೇವರ ಕೋಣಿ. ಅಮ್ಮಿನಬಾವಿ ಹೊಲದಿಂದ ಬಂದ ಜೋಳದ ಚೀಲ ಪಡಸಾಲಿ ಒಂದು ಮೂಲ್ಯಾಗ. ಇನ್ನೊಂದು ಮೂಲ್ಯಾಗ ನನ್ನ ಸಾಲಿ. ಗ್ವಾಡಿಗೆ ಕರೇ ಬಣ್ಣ ಬಳದು ಮಾಡಿದ ಹಲಗಿ, ಅದರ ಮುಂದ ಒಂದು ಚಾಪಿ. ಅವ್ವ ಸರಕಾರಿ ಆಫೀಸಿನ್ಯಾಗ ಕಾರಕೂನಳಾಗಿದ್ಲು. ಮುಂಜಾನೆ ಎದ್ದು ರೊಟ್ಟಿ ಬಡದು, ಬದನೀಕಾಯಿ ಪಲ್ಯಾ ಮಾಡಿಟ್ಟು, ಡಬ್ಬಿ ಕಟಗೊಂಡು ಹೊಂಟಬಿಡತಿದ್ಲು. ಆಮ್ಯಾಲ ಮನ್ಯಾಗ ಉಳಿಯೂ ಮಂದಿ ಮೂರ ಮಂದಿ: ನಾನು, ಅಪ್ಪ, ಅಪ್ಪನ ತಾಯಿ. ಆಕೀನ್ನ ನಾವೆಲ್ಲಾ ಆಯಿ ಅಂತಿದ್ವಿ. ಆಯಿ ಲಿಂಗಪೂಜಿ ಮುಗಿಸಿ, ನನ್ನ ಹಣಿಗೂ ವಿಭೂತಿ ಹಚ್ಚಿ, ಹೋಗು ಸಾಲಿಗೆ ಅಂತಿದ್ಲು. ನಾ ಅಡಗಿಮನಿಯಿಂದ ಪಡಸಾಲಿಗೆ ಹೋಗತಿದ್ದೆ. ಅಷ್ಟ ದೂರ ನನ್ನ ಸಾಲಿ.

ಅಪ್ಪ ಮೊದಲ ಹಳ್ಳಿ ಹೈಸ್ಕೂಲಿನ್ಯಾಗ ಗಣಿತದ ಮಾಸ್ತರ ಇದ್ರು. ನಾ ಇನ್ನೂ ತೊಟ್ಟಲದಾಗ ಇದ್ದಾಗ ನೌಕರಿ ಬಿಟ್ಟು ಬಂದ್ರು. ಯಾಕ ಬಿಟ್ಟರು ಅನ್ನೂದನ್ನ ಅವರು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ, ಆಯಿ ಹೇಳಿದ್ಲು, ಶೇಂಗಾ ಸುಲಿಯೂ ಹೊತ್ತಿನ್ಯಾಗ. ಲೆಕ್ಕ ತಪ್ಪಿದ ಒಬ್ಬ ಹುಡುಗಗ ಅಪ್ಪ ಕಪಾಳಕ್ಕ ಹೊಡದಿದ್ರಂತ. ಸಿಟ್ಟಿನ ಕೈ, ಎಲ್ಲಿ ಬಿತ್ತೋ ಏನೋ, ಆ ಹುಡುಗಗ ಒಂದು ಕಿವಿ ಕೇಳಸದಂಗಾತು. ಅಪ್ಪಗ ಅದು ಗೊತ್ತಾಗಿ ಅವರ ಮನಿಗೆ ಓಡಿ ಹೋದ್ರ, ಹುಡುಗನ ಅಪ್ಪ ಇವರನ್ನ ಬೈಯಲಿಲ್ಲ, ಕೈ ಮುಗದ. ಮಾಸ್ತರ, ನೀವು ಹೊಡದದ್ದು ಅವನ ಛಲೋದಕ್ಕ ಅಲ್ಲೇನ್ರಿ, ಅಂದನಂತ. ಅವ ಬೈದಿದ್ರ ನಿಮ್ಮಪ್ಪ ನೌಕರ್ಯಾಗ ಉಳೀತಿದ್ದ ನೋಡವಾ, ಅಂದ್ಲು ಆಯಿ. ಆ ಕೈ ಮುಗದದ್ದು ಅಪ್ಪನ ಎದ್ಯಾಗ ಮುಳ್ಳಾಗಿ ಉಳೀತು. ನೌಕರಿಗೆ ರಾಜೀನಾಮಾ ಕೊಟ್ಟು ಬಂದವರು, ತಮ್ಮ ಮಗಳು ಯಾವ ಸಾಲ್ಯಾಗೂ, ಯಾವ ಮಾಸ್ತರನ ಕೈಗೂ ಸಿಗಬಾರದು ಅಂತ ಗಟ್ಟಿ ಮಾಡಿಕೊಂಡ್ರು. ಮನ್ಯಾಗ ಕೂತು ಪ್ರೆಸ್ಸಿನವರ ಪ್ರೂಫ್ ತಿದ್ದೂದು, ನನಗ ಕಲಿಸೂದು, ಇವೆರಡ ಅವರ ಕೆಲಸ ಆತು. ತಪ್ಪು ಮಾಡಿದವರು ಅಪ್ಪ, ಪ್ರಾಯಶ್ಚಿತ್ತದಾಗ ಬೆಳದಾಕಿ ನಾನು. ಇದನ್ನ ಹೇಳಾಕ ನನಗ ಇಷ್ಟು ವಯಸ್ಸು ಬೇಕಾತು.

ಕಲಿಸೂದ್ರಾಗ ಮಾತ್ರ ಅಪ್ಪನಂಥವರು ಇಲ್ಲ. ಖರೇ ಹೇಳತೇನಿ, ಹೊಗಳೂದಲ್ಲ. ನಮ್ಮ ಸಾಲಿಗೆ ಒಂದ ನಿಯಮ ಇತ್ತು. ಅಪ್ಪ ಏನ ಹೇಳಲಿ, ನಾ ಮೂರು ಸಲ ಯಾಕ ಅಂತ ಕೇಳಬೇಕು. ಕೇಳಲಿಲ್ಲಂದ್ರ ಪಾಠ ಮುಂದ ಹೋಗೂದಿಲ್ಲ. ಮಳಿ ಯಾಕ ಬರತೈತಿ ಅಂದ್ರ ಮೋಡ ಇರತಾವ ಅದಕ್ಕ. ಮೋಡ ಯಾಕ? ನೀರು ಆವಿ ಆಗತೈತಿ ಅದಕ್ಕ. ಆವಿ ಯಾಕ ಆಗತೈತಿ? ಮೂರನೇ ಯಾಕ ಬಂತಂದ್ರ ಅಪ್ಪನ ಮಾರಿ ಅರಳತಿತ್ತು. ಕುಂತವರು ಎದ್ದು ನಿಂತು, "ಈಗ ಬಂತು ನೋಡು ಖರೇ ಪ್ರಶ್ನೆ!" ಅಂತ ತೊಡಿ ತಟ್ಟತಿದ್ರು. ಒಮ್ಮೊಮ್ಮೆ ಅದಕ್ಕ ಅವರ ಹತ್ರನೂ ಉತ್ತರ ಇರತಿರಲಿಲ್ಲ. ಇಬ್ಬರೂ ಕೂಡಿ ಹುಡುಕೋಣಂತ ಅಂತಿದ್ರು. ಮಧ್ಯಾಹ್ನ ಊಟಕ್ಕ ಕೂತಾಗನೂ ಅದ. ರೊಟ್ಟಿ ಯಾಕ ಉಬ್ಬತೈತಿ, ಮಜ್ಜಿಗಿ ಯಾಕ ಹುಳಿ ಆಗತೈತಿ. ತಾಟಿನ್ಯಾಗ ಪಲ್ಯಾ ಆರತಿತ್ತು, ಆಯಿ ಬೈತಿದ್ಲು. ಹಿಂಗ ಯಾಕ ಯಾಕ ಅಂದುಕೋತ ನಾ ಬೆಳದೆ. ಓಣ್ಯಾಗಿನ ಹುಡುಗೂರಿಗಿಂತ ಲೆಕ್ಕ, ಇತಿಹಾಸ ಎಲ್ಲಾ ನನಗ ಜಾಸ್ತಿ ಬರತಿತ್ತು. ಆದ್ರ ಬರತಿತ್ತು ಅಂತ ತೋರಸಾಕ ಅಲ್ಲಿ ಯಾರೂ ಇರಲಿಲ್ಲ. ಚಾಪಿ ಮ್ಯಾಲ ನನ್ನ ಬಾಜೂಕ ಯಾರೂ ಕೂಡತಿರಲಿಲ್ಲ.

ಬಂದ ಬೀಗರು ಯಾವತ್ತೂ ಬಿಡಲಿಲ್ಲ ನಮ್ಮನ್ನ. ಕಟ್ಟಿ ಮ್ಯಾಲ ಚಪ್ಪಲ ಬಿಡೂದ ತಡ, ಯಾವ ಸಾಲೀಗೆ ಹೋಗತೀ ತಂಗಿ ಅನ್ನೂದು. ನಾ ಅಪ್ಪನ ಮಾರಿ ನೋಡೂದು. ಅವ್ವನ ಅಣ್ಣ, ಹುಬ್ಬಳ್ಳಿ ಮಾವ, ಹತ್ತಿ ವ್ಯಾಪಾರದವ, ಅವನದಂತೂ ದೊಡ್ಡ ಬಾಯಿ. ಒಮ್ಮೆ ಪಂಚಮಿ ಉಂಡಿ ಕೊಡಾಕ ಬಂದವ ಪಡಸಾಲ್ಯಾಗ ಕೂತು ಶುರು ಮಾಡಿದ.

"ಮಾಸ್ತರ, ನೀವೇನು ಹುಡುಗೀನ್ನ ಸಾಕಾಕತ್ತೀರೋ, ಗಿಳಿ ಸಾಕಾಕತ್ತೀರೋ? ನಾಳೆ ಗಂಡನ ಮನ್ಯಾಗ ನಾಕು ಮಂದಿ ನಡುವ ಹೆಂಗ ಇರತಾಳಿಕಿ?"

"ಸಾಲ್ಯಾಗ ಏನು ನಾಕು ಮಂದಿ ನಡುವ ಇರೂದು ಕಲಸ್ತಾರೇನು? ಸಾಲಾಗಿ ನಿಲ್ಲೂದು, ಹೊಡಸ್ಕೊಳ್ಳೂದು, ಇವೆರಡ ಕಲಸ್ತಾರ," ಅಂದ್ರು ಅಪ್ಪ.

"ನಾವೆಲ್ಲಾ ಹೊಡಸ್ಕೊಂಡ ಬೆಳದೀವಲ್ಲ್ರೀ, ಏನು ಸತ್ತೀವೇನು?"

ಅಪ್ಪ ಎದ್ದು ಒಳಗ ಹೋದ್ರು. ಅವ್ವ ತನ್ನ ಅಣ್ಣಗ ಕಣ್ಣಿಲೇ ಸುಮ್ಮನಿರು ಅಂದ್ಲು. ಅವತ್ತು ಸಂಜೀಕ ಅಡಗಿಮನ್ಯಾಗ ಅಪ್ಪ ಅವ್ವ ಇಬ್ಬರಿಗೂ ಜಗಳಾತು. ಸಣ್ಣ ದನಿ ಜಗಳ, ನಮ್ಮ ಮನ್ಯಾಗಿನ ಜಗಳ ಎಲ್ಲಾ ಸಣ್ಣ ದನೀದ. ಹುಡುಗಿ ದಿನಾ ಕಿಡಕ್ಯಾಗ ನಿಂತಿರತಾಳ, ನೋಡೀರೇನು ನೀವು, ಅಂದ್ಲು ಅವ್ವ. ಮಾತು ಸುಳ್ಳಲ್ಲ. ಮುಂಜಾನೆ ಹುಡುಗೂರೆಲ್ಲಾ ಪಾಟೀಚೀಲ ಹೆಗಲಿಗೆ ಹಾಕ್ಕೊಂಡು ನಮ್ಮ ಓಣಿ ಹಾಯ್ದ ಸಾಲಿಗೆ ಹೋಗತಿದ್ರು. ಬೈದಾಡಕೋತ, ಒಬ್ಬರ ಜಡಿ ಒಬ್ಬರು ಜಗ್ಗಕೋತ. ಅವರು ಹಾಯ್ದು ಹೋಗೂತನಕಾ ನಾ ಕಿಡಕಿ ಬಿಡತಿರಲಿಲ್ಲ. ಆಮ್ಯಾಲ ಓಣಿ ಒಮ್ಮೆಲೇ ಸುಮ್ಮನಾಗತಿತ್ತು. ಆ ಸುಮ್ಮನ ಹೊತ್ತು ನನಗ ಭಾಳ ಕೆಟ್ಟ ಅನಸ್ತಿತ್ತು.

ಬಾಜೂ ಮನಿ ರೇಣುಕಾ ನನ್ನ ವಾರಿಗೀಯಾಕಿ, ಇಬ್ಬರದೂ ಒಂದ ವಯಸ್ಸು. ಸಂಜೀಕ ಕಟ್ಟಿಗೆ ಬಂದು ಕೂತು ಸಾಲಿ ಸುದ್ದಿ ಹೇಳತಿದ್ಲು. ಯಾರ ಪೆನ್ನು ಯಾರು ಕದ್ದರು, ಕಲಿಸೂ ಅಕ್ಕಾರು ಯಾರನ್ನ ಬೆಂಚಿನ ಮ್ಯಾಲ ನಿಲ್ಲಿಸಿದ್ರು, ಯಾರು ಯಾರ ಜೋಡಿ ಟೂ ಬಿಟ್ಟಾರ. ನಾ ಬಾಯಿ ತಕ್ಕೊಂಡು ಕೇಳತಿದ್ದೆ. ಆ ಹೆಸರೆಲ್ಲಾ ನನಗ ಬಾಯಿಪಾಠ ಆಗಿದ್ವು, ಒಬ್ಬರ ಮಾರೀನೂ ನೋಡಿರಲಿಲ್ಲ. ಒಂದಿನ ಆಕೀನ ಅಂದ್ಲು.

"ಶನಿವಾರ ಎಲ್ಲಾರೂ ಬಿಳೇ ಅರಿವಿ ಹಾಕ್ಕೊಂಡು ಬರತೇವಿ. ನಿನ್ನ ಹತ್ರ ಬಿಳೇ ಫ್ರಾಕ್ ಐತೆಲಾ? ಬಾ ನನ್ನ ಜೋಡಿ. ಅಷ್ಟ ಮಂದ್ಯಾಗ ಯಾರಿಗೆ ಗೊತ್ತಾಗತೈತಿ?"

ಫ್ರಾಕ್ ಇತ್ತು. ಯಾರದೋ ಮದಿವಿಗೆ ಹೊಲಿಸಿದ್ದು, ಕೊರಳಿಗೆ ಜಾಲರಿ ಇದ್ದದ್ದು. ಆ ಶನಿವಾರ ಅಪ್ಪ ತಿದ್ದಿದ ಪ್ರೂಫ್ ತಗೊಂಡು ಲಗೂನ ಪ್ರೆಸ್ಸಿಗೆ ಹೋಗಿದ್ರು, ಅವ್ವ ಆಫೀಸಿಗೆ ಹೋಗೂ ಗಡಿಬಿಡ್ಯಾಗಿದ್ಲು. ರೇಣುಕಾನ ಮನಿಗೆ ಹೋಗಿಬರತೇನಿ ಅಂದೆ ಆಯಿಗೆ. ಹೋಗಿ ಬಾರವಾ, ಅಂದ್ಲು. ಹಿಂಗ ನಾ ನನ್ನ ಜೀವನದಾಗ ಮೊದಲನೇ ಸಲ ಸಾಲಿಗೆ ಹೊಂಟೆ, ಪಾಟೀಚೀಲ ಇಲ್ಲದನ. ಕಿಡಕಿಯಿಂದ ನೋಡೂ ಹುಡುಗೂರ ಸಾಲಿನ್ಯಾಗ ಈಗ ನಾನೂ ಒಬ್ಬಾಕಿ. ನಮ್ಮ ಕಿಡಕಿ ಮುಂದ ಹಾಯೂ ಮುಂದ ನಾ ತಲಿ ಎತ್ತಿ ನೋಡಲೇ ಇಲ್ಲ.

ಮೊದಲ ಬಯಲಾಗ ಕವಾಯತು. ಮಾಸ್ತರ ಸೀಟಿ ಊದಿದ್ರ ಎಲ್ಲಾರ ಕೈ ಒಮ್ಮೆಲೇ ಮ್ಯಾಲ, ಒಮ್ಮೆಲೇ ಕೆಳಗ. ಅಷ್ಟು ಮಂದಿ ಒಂದ ಹೊತ್ತಿಗೆ ಒಂದ ಕೆಲಸ ಮಾಡೂದನ್ನ ನಾ ಕಂಡಿರಲಿಲ್ಲ. ಮಂದಿ ಕೈ ಕೆಳಗ ಬಂದಾಗ ನನ್ನ ಕೈ ಮ್ಯಾಲ. ಹಿಂದಿನ ಹುಡುಗ್ಯಾರು ಖಿಸಿಖಿಸಿ ನಕ್ಕರು. ನನಗ ಅಳು ಬರಲಿಲ್ಲ, ನಗು ಬಂತು. ನನ್ನ ನೋಡಿ ನಗಾಕ ಅಷ್ಟು ಮಂದಿ ಇದ್ದಾರಲ್ಲಾ ಅನಿಸಿತು. ಆಮ್ಯಾಲ ವರ್ಗದೊಳಗ ರೇಣುಕಾ ತನ್ನ ಬೆಂಚಿನ ಮ್ಯಾಲ ಸರಿದು ಜಾಗಾ ಕೊಟ್ಲು. ಆ ಕಡೆ ಒಬ್ಬಾಕಿ, ಈ ಕಡೆ ರೇಣುಕಾ, ನಡುವ ನಾನು. ಇಬ್ಬರ ಮೊಳಕೈನೂ ನನಗ ಬಡೀತಿತ್ತು. ಹಾಜರಿ ಕೂಗಿದಾಗ ನನ್ನ ಹೆಸರು ಬರಲಿಲ್ಲ, ಬರೂದಿಲ್ಲ ಅಂತ ಗೊತ್ತಿತ್ತು. ಆದ್ರೂ ಮುಗಿಯೂತನಕಾ ಕಿವಿ ನೆಟ್ಟಗ ಮಾಡಿ ಕೂತಿದ್ದೆ.

ಲೆಕ್ಕದ ತಾಸು. ಅಕ್ಕಾರು ಹಲಗಿ ಮ್ಯಾಲ ಭಿನ್ನರಾಶಿ ಭಾಗಾಕಾರ ಬರದ್ರು. ಎರಡನೇ ಭಿನ್ನರಾಶಿ ತಿರುವಿ ಹಾಕಿ ಗುಣಸಬೇಕು, ಬರಕೋರಿ ಅಂದ್ರು. ಎಲ್ಲಾರೂ ತಲಿ ಬಗ್ಗಿಸಿ ಬರಕೊಂಡ್ರು. ಯಾರೂ ಏನೂ ಕೇಳವಲ್ರು. ಯಾರರ ಕೇಳಲಿಲ್ಲಂದ್ರ ಪಾಠ ಮುಂದ ಹೋಗೂದಿಲ್ಲಲ್ಲ, ಅಕ್ಕಾರು ಕಾಯಾಕತ್ತಾರ ಅಂತ ತಿಳಕೊಂಡು ನಾ ಎದ್ದು ನಿಂತೆ.

"ಅಕ್ಕಾರ, ಒಂದು ಕೇಳತೇನ್ರಿ."

"ಏನದು?"

"ತಿರುವಿ ಹಾಕೂದು ಯಾಕ್ರಿ?"

"ಅದು ಹಂಗ ಮಾಡಬೇಕು. ಕುಂದರು."

"ಹಂಗ ಯಾಕ ಮಾಡಬೇಕ್ರಿ?"

ನಮ್ಮ ಬೆಂಚಿನವರು ಬಾಯಿಗೆ ಕೈ ಹಚ್ಚಿ ನಗಾಕ ಹತ್ತಿದ್ರು. ರೇಣುಕಾ ನನ್ನ ಫ್ರಾಕ್ ಜಗ್ಗಿದ್ಲು. ನಾ ಬಿಡಲಿಲ್ಲ, ಯಾಕಂದ್ರ ಇನ್ನೊಂದು ಬಾಕಿ ಇತ್ತು. ಮೂರನೇದ್ದು. ಅದನ್ನ ಕೇಳಿದ್ರ ಅಕ್ಕಾರ ಮಾರೀನೂ ಅರಳತೈತಿ ಅಂತ ನನಗ ಖಾತ್ರಿ ಇತ್ತು. ಮಾಡಲಿಲ್ಲಂದ್ರ ಯಾಕ ತಪ್ಪಾಗತೈತ್ರಿ, ಅಂದೆ. ಅಕ್ಕಾರು ಮೇಜಿನ ಮ್ಯಾಲಿನ ಫೂಟಪಟ್ಟಿ ತಗೊಂಡ್ರು.

"ಭಾಳ ಶಾಣ್ಯಾ ಆಗೀಯೇನು? ಈ ಬೆಂಚಿನವರೆಲ್ಲಾ ಎದ್ದೇಳ್ರಿ. ಕೈ ಮುಂದ ಮಾಡ್ರಿ."

ಒಬ್ಬೊಬ್ಬರಿಗೆ ಒಂದೊಂದು ಏಟು. ನನಗೂ. ಚುರ್ ಅಂತು. ಯಾರೂ ನನಗ ಅಲ್ಲೀತನಕಾ ಹೊಡದಿರಲಿಲ್ಲ, ನೋವಿಗಿಂತ ಗಾಬರಿ ಜಾಸ್ತಿ ಆತು. ಆದ್ರ ಕೂತ ಮ್ಯಾಲ ಒಂದು ಸಂಗತಿ ಆತು. ಆ ಕಡಿಯಾಕಿ, ಹೆಸರೂ ಗೊತ್ತಿಲ್ಲದಾಕಿ, ನನ್ನ ಕೈ ತಗೊಂಡು ತನ್ನ ಎರಡೂ ಕೈಯಾಗ ತಿಕ್ಕಿದ್ಲು. ಉಫ್ ಉಫ್ ಅಂತ ಊದಿದ್ಲು. ಏನ್ ಧೈರ್ಯಾ ಐತಲೇ ನಿನಗ, ಅಂದ್ಲು ಪಿಸುದನಿಲೇ. ಬರೂ ಮುಂದ ಅಂಗೈಗೆ ಕೊಬ್ಬರಿ ಎಣ್ಣಿ ಹಚ್ಚಿಕೊಂಡು ಬರಬೇಕು, ಅಷ್ಟು ಏಟು ಹತ್ತೂದಿಲ್ಲ, ಅಂತ ಹಿಂದಿನಾಕಿ ಹೇಳಿದ್ಲು. ನಿನ್ನ ಸಲುವಾಗಿ ನಾವೂ ತಿಂದ್ವಿ ನೋಡು ಅಂತ ರೇಣುಕಾ ಚೂಟಿದ್ಲು. ಕೆಂಪಾದ ಕೈಗೋಳನ್ನ ಬೆಂಚಿನ ಕೆಳಗ ಒಂದರ ಬಾಜೂಕ ಒಂದು ಹಿಡದು, ಯಾರದ ಭಾಳ ಕೆಂಪೈತಿ ಅಂತ ನೋಡಿದ್ವಿ. ನಗು ತಡಿಯಾಕ ಆಗವಲ್ತು. ದೇವರಾಣೆ ಹೇಳತೇನಿ, ಅಷ್ಟು ಸುಖದ ಹೊತ್ತು ನನ್ನ ಸಣ್ಣತನದಾಗ ಇನ್ನೊಂದಿಲ್ಲ.

ಅಷ್ಟರಾಗ ಅಕ್ಕಾರಿಗೆ ಸಂಶಯ ಬಂತು. ನೀ ಯಾರ ಮಗಳು, ನಿನ್ನ ನೋಡೇ ಇಲ್ಲಲ್ಲಾ, ಅಂತ ಹತ್ರ ಕರದ್ರು. ಅಪ್ಪನ ಹೆಸರು ಹೇಳಿದೆ. ಅವರ ಮಾರಿ ಬದಲಾತು, ಅಪ್ಪನ ಸುದ್ದಿ ಅವರಿಗೂ ಗೊತ್ತಿತ್ತು. ಗಂಟಿ ಬಾರಸೂ ಸಿಪಾಯೀನ್ನ ನಮ್ಮ ಮನಿಗೆ ಓಡಿಸಿದ್ರು. ಪ್ರೆಸ್ಸಿನಿಂದ ಆಗಷ್ಟ ವಾಪಸ ಬಂದಿದ್ದ ಅಪ್ಪ, ಅಂಗಿ ಗುಂಡಿ ಸುದ್ದಾ ಹಾಕ್ಕೊಳ್ಳದನ ಬಂದ್ರು. ಸಾಲಿ ಗೇಟಿನ ತನಕಾ ಬಂದವರು ಒಳಗ ಕಾಲಿಡಲಿಲ್ಲ. ಹೊರಗ ನಿಂತ್ರು. ಒಳಗ ಬರ್ರಿ ಅಂತ ಸಿಪಾಯಿ ಎಷ್ಟು ಕರದ್ರೂ ಬರಲಿಲ್ಲ. ನಾನ ನಡಕೋತ ಗೇಟಿಗೆ ಹೋದೆ. ಕೈ ಹಿಂದ ಕಟಗೊಂಡಿದ್ದೆ.

"ಕೈ ತೋರಸು," ಅಂದ್ರು.

ತೋರಿಸಿದೆ. ಅಪ್ಪ ನನ್ನ ಅಂಗೈ ನೋಡಿದ್ರು. ಅಲ್ಲೇ, ಹಾದೀ ಮ್ಯಾಲ, ಮಂದಿ ಹಾಯಾಕತ್ತಾರ ಅನ್ನೂದೂ ನೋಡದನ ಕುಕ್ಕರಗಾಲಿಲೇ ಕೂತು, ನನ್ನ ಕೈ ತಮ್ಮ ಕಣ್ಣಿಗೆ ಒತ್ತಿಕೊಂಡ್ರು. ನನ್ನ ಅಂಗೈ ಹಸಿ ಆತು. ಅಪ್ಪ ಅತ್ತದ್ದನ್ನ ನಾ ನೋಡಿದ್ದು ಅದ ಮೊದಲು.

ನೋವೇನಿಲ್ಲ್ರೀ ಅಪ್ಪಾ, ಅಂದೆ. ಅದು ಖರೇ ಇತ್ತು. ಅವರು ನಂಬಲಿಲ್ಲ. ಒಳಗ ಬೆಂಚಿನ ಮ್ಯಾಲ ನಾವೆಲ್ಲಾ ನಕ್ಕದ್ದು, ಆ ಹುಡುಗಿ ಊದಿದ್ದು, ಇದನ್ನ ಹೆಂಗ ಹೇಳೂದು? ಅಪ್ಪನ ಕಣ್ಣಾಗ ನೀರು ತರಸಿದ ಏಟು ನನಗ ಖುಷಿ ಕೊಟ್ಟಿತ್ತು. ಅದನ್ನ ಅವರಿಗೆ ಹೇಳೂ ಮಾತು ನನ್ನ ಹತ್ರ ಇರಲಿಲ್ಲ. ಎಲ್ಲಾ ಕಲಿಸಿದ್ರು ಅಪ್ಪ, ಅದೊಂದು ಕಲಿಸಿರಲಿಲ್ಲ.

ಅಪ್ಪ ನನ್ನ ಕೈ ಹಿಡಕೊಂಡು ಮನಿ ಕಡೆ ನಡದ್ರು. ನಮ್ಮ ಓಣಿ ತಿರುವಿಗೆ ಬಂದು ನಿಂತ್ರು.

"ನಿನಗ ಸಾಲಿ ಬೇಕೇನವಾ? ಬೇಕಂದ್ರ ಹೇಳು. ನಾ ಬಂದು ಹೆಸರು ಹಚ್ಚತೇನಿ. ಸೋಮವಾರನ ಹಚ್ಚತೇನಿ."

ನಾ ಅವರ ಮಾರಿ ನೋಡಿದೆ. ಕಣ್ಣು ಕೆಂಪಗ ಇದ್ವು. ಅಂಗಿ ಗುಂಡಿ ಇನ್ನೂ ಹಾಕ್ಕೊಂಡಿರಲಿಲ್ಲ. ಗೇಟಿನ ಒಳಗ ಒಂದು ಹೆಜ್ಜಿ ಇಡಲಾರದ ಮನಷ್ಯಾ ಇವರು, ನನ್ನ ಸಲುವಾಗಿ ಇಡತೇನಿ ಅನ್ನಾಕತ್ತಾರ. ಹೂಂ ಅಂತ ಬಾಯಿ ತನಕಾ ಬಂದಿತ್ತು.

"ಬ್ಯಾಡ್ರಿ ಅಪ್ಪಾ," ಅಂದೆ.

ಅವರ ಹೆಗಲು ಇಳದದ್ದು ನನಗ ಕಾಣಿಸ್ತು, ಯಾರೋ ಚೀಲ ಇಳಿಸಿಕೊಂಡಂಗ. ನನ್ನ ತಲಿ ಮ್ಯಾಲ ಕೈ ಇಟ್ಟು, ಶಾಣ್ಯಾ ಮಗಳು, ಅಂದ್ರು. ಮಧ್ಯಾಹ್ನ ಊಟಕ್ಕ ಕೂತಾಗ ಆಯಿಗೆ ಎಲ್ಲಾ ಹೇಳಿದ್ರು. ನಾ ಖುದ್ದ ಕೇಳಿದೆ, ಆಕೀನ ಬ್ಯಾಡ ಅಂದ್ಲು, ಅಂದ್ರು. ಆಯಿ ನನ್ನ ಕಡೆ ಒಂದು ಸಲ ನೋಡಿದ್ಲು, ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ್ಲು. ರೇಣುಕಾನ ಅವ್ವಗ ಈ ಸುದ್ದಿ ತಿಳದು, ಮಾಸ್ತರ ಮನಿ ಹುಡುಗಿ ಸಂಗತಿ ನಮಗ ತ್ರಾಸು ತಂದೀತು ಅಂತ ಮಗಳಿಗೆ ಹೇಳಿದ್ಲೋ ಏನೋ, ಆಕಿ ಕಟ್ಟಿಗೆ ಬರೂದು ಕಡಿಮಿ ಆತು, ಆಮ್ಯಾಲ ನಿಂತಬಿಡ್ತು.

ನನ್ನ ಆ ಒಂದು ಮಾತು ಅಪ್ಪಗ ಮುಂದ ಎಲ್ಲಾ ಪ್ರಶ್ನೆಗೂ ಉತ್ತರ ಆತು. ಯಾರ ಬರಲಿ, ಯಾಕ್ರೀ ಹುಡುಗೀನ್ನ ಸಾಲಿಗೆ ಹಾಕಿಲ್ಲ ಅಂತ ಕೇಳಲಿ, ಅಪ್ಪ ಎದಿ ಉಬ್ಬಿಸಿ ಹೇಳತಿದ್ರು.

"ನನ್ನ ಜುಲುಮಿ ಏನಿಲ್ಲ್ರೀ. ನಾ ಕೇಳಿದೆ. ಆಕೀನ ಬ್ಯಾಡ ಅಂದ್ಲು."

ಹುಬ್ಬಳ್ಳಿ ಮಾವನ ಬಾಯೀನೂ ಇದರಿಂದನ ಮುಚ್ಚಿತು. ನಾ ಹತ್ತನೇತ್ತೆ ಮುಗಿಸಿದ ಮ್ಯಾಲನೂ ಹೇಳಿದ್ರು, ಕಾಲೇಜಿನ್ಯಾಗ ಒಬ್ಬರ ಜೋಡಿನೂ ಮಾತಾಡಲಾರದನ ಮನಿಗೆ ಬರೂ ದಿನಗಳಾಗೂ ಹೇಳಿದ್ರು, ಕಡೇ ಜಡ್ಡಿನ್ಯಾಗ ಹಾಸಿಗಿ ಹಿಡದಾಗ ನೋಡಾಕ ಬಂದ ಡಾಕ್ಟರಗೂ ಹೇಳಿದ್ರು. ಹೇಳುವಾಗ ಅವರ ಮಾರಿ ಎಷ್ಟು ಸಮಾಧಾನ ಇರತಿತ್ತಂದ್ರ, ಅದನ್ನ ಕೆಡಸೂ ಮನಸ್ಸು ನನಗ ಯಾವತ್ತೂ ಆಗಲಿಲ್ಲ. ಆದ್ರ ಸಣ್ಣಾಕಿ ಇದ್ದಾಗ, ಮಂದೀಗೆ ಚಾ ತಗೊಂಡು ಪಡಸಾಲಿಗೆ ಬಂದಾಗೆಲ್ಲಾ, ಆ ಮಾತು ಕಿವಿಗೆ ಬಿತ್ತಂದ್ರ ನಾ ಹೋಗದನ ಅಲ್ಲೇ ಬಾಗಲದಾಗ ನಿಲ್ಲತಿದ್ದೆ. ಈಗ ನನ್ನ ಕಡೆ ತಿರಗತಾರ, ಹೌದಲ್ಲೇನವಾ, ಈಗೇನಂತೀ, ಅಂತ ಕೇಳತಾರ ಅಂತ. ಕೇಳಿದ್ರ ಈ ಸಲ ಹೂಂ ಅನ್ನಬೇಕು ಅಂತ ಬಾಯಾಗ ಮಾತು ಹಿಡಕೊಂಡು ನಿಂತಿರತಿದ್ದೆ. ಮೂರು ಸಲ ಕೇಳದನ ಯಾವುದನ್ನೂ ಬಿಡಬಾರದು ಅಂತ ನನಗ ಕಲಿಸಿದ ಅಪ್ಪ, ನನ್ನ ಮಾತ್ರ ಒಂದ ಸಲ ಕೇಳಿದ್ರು.